ದುಡ್ಡಿನ ಚರಿತ್ರೆ, ಭಾಗ 7: ಲಾಕ್‌ಡೌನ್ ವರ್ಷದ ಲಾಭ

"ಕಂಪನಿಗಳ ಲಾಭ ಏರ್ತಿದೆ, ಎಕಾನಮಿ ಸೂಪರ್" ಅಂತ ಯಾರಾದ್ರೂ ಹೇಳಿದ್ರೆ 2020-21 ನೆನಪಿಸಿಕೊಳ್ಳಿ. ನಾವೆಲ್ಲ ಮೊಬೈಲ್‌ನಲ್ಲಿ ಕ್ಲಾಸ್ ಕೇಳಿದ (ಕೇಳಿದ ಹಾಗೆ ಮಾಡಿದ) ವರ್ಷ. ಏಪ್ರಿಲ್–ಜೂನ್‌ನಲ್ಲಿ ದೇಶದ ಜಿಡಿಪಿ ಹಿಂದಿನ ವರ್ಷಕ್ಕಿಂತ ಸುಮಾರು 24% ಕುಸಿದಿತ್ತು. ಬೆಂಗಳೂರಿನ ಕಟ್ಟಡ ಕಾರ್ಮಿಕರು ಗಂಟುಮೂಟೆ ಕಟ್ಟಿ ಊರಿಗೆ ಹೊರಟಿದ್ದರು. ಆದ್ರೆ ವರ್ಷ ಮುಗಿದಾಗ ಷೇರುಪೇಟೆಯ ದೊಡ್ಡ ಕಂಪನಿಗಳ ಒಟ್ಟು ಲಾಭ ಹಿಂದಿನ ವರ್ಷಕ್ಕಿಂತ ಜಾಸ್ತಿ! 2021ರ ಜನವರಿಯಲ್ಲಿ ಸೆನ್ಸೆಕ್ಸ್ ಮೊದಲ ಸಲ 50,000 ಮುಟ್ಟಿತು.

ಹೇಗೆ? ಫಸ್ಟ್ ಸೆಮ್‌ನ ಲಾಭ-ನಷ್ಟ ಖಾತೆ ನೆನಪಿದೆಯಾ? ಲಾಭ ಹೆಚ್ಚೋಕೆ ಮಾರಾಟ ಹೆಚ್ಚಲೇಬೇಕು ಅಂತಿಲ್ಲ, ಖರ್ಚು ಅದಕ್ಕಿಂತ ಜೋರಾಗಿ ಇಳಿದರೂ ಸಾಕು. ಆ ವರ್ಷ ಪ್ರಯಾಣ, ಜಾಹೀರಾತು, ಬಡ್ಡಿ ಇಳಿದವು, ಎಷ್ಟೋ ಕಡೆ ಸಂಬಳಕ್ಕೂ ಕತ್ತರಿ ಬಿತ್ತು. ಅದಕ್ಕೂ ಮೊದಲೇ, 2019ರ ಸೆಪ್ಟೆಂಬರ್‌ನಲ್ಲಿ, ವಿನಾಯಿತಿ ಬಿಟ್ಟುಕೊಡುವ ಕಂಪನಿಗಳಿಗೆ ಸರ್ಕಾರ ತೆರಿಗೆಯ ಮೂಲ ದರವನ್ನು 22%ಕ್ಕೆ ಇಳಿಸಿತ್ತು.

ಖಾತೆಯಲ್ಲಿ 'ಸಂಬಳ' ಅನ್ನೋ ಸಾಲು ಕಂಪನಿಗೆ ಖರ್ಚು. ನಮ್ಮಪ್ಪನಿಗೆ ಅದೇ ಆದಾಯ. ಆಗ ಐದು ತಿಂಗಳು ಅರ್ಧ ಸಂಬಳ ಬಂದಿತ್ತು. ಅವರ ಕಂಪನಿಯ ಆ ವರ್ಷದ ವರದಿ ಮೊನ್ನೆ ತೆಗೆದು ನೋಡಿದೆ, ಲಾಭ ಏರಿದೆ. ಅಮ್ಮ ದಿನಸಿ ಅಂಗಡೀಲಿ ಬರೆಸಿದ್ದ ಬಾಕಿ ತೀರಿದ್ದು ಮರುವರ್ಷದ ಯುಗಾದಿಗೆ.