ಕುದುರೆಮುಖದ ಅದಿರು, ಇರಾನಿನ ಒಪ್ಪಂದ, ಪಣಂಬೂರಿನ ಧಕ್ಕೆ

ಬೆಳೆ ಬೆಳೆದರೆ ಸಾಲದು, ಸಾಗಿಸಲು ದಾರಿ ಬೇಕು. ದಾರಿ ಇದ್ದರೂ ಸಾಲದು, ಕೊಳ್ಳುವವರು ಬೇಕು. ಈ ಪಾಠ ನಮ್ಮ ರೈತರಿಗೆ ಹೊಸದೇನಲ್ಲ. ಎರಡು ದೇಶಗಳ ವ್ಯಾಪಾರಕ್ಕೂ ಇದೇ ಮಾತು ಅನ್ವಯಿಸುತ್ತದೆ ಎಂಬುದಕ್ಕೆ ನಮ್ಮ ಜಿಲ್ಲೆಯಲ್ಲೇ ಒಂದು ಉದಾಹರಣೆ ಇದೆ. ಬೆಳ್ಳಿಹಬ್ಬದ ಈ ಸಂದರ್ಭದಲ್ಲಿ ಅದನ್ನು ನೆನಪು ಮಾಡಿಕೊಳ್ಳೋಣ.

ಹಿಂದೆ ಮಂಗಳೂರಿನ ಹಂಚು, ಕಾಫಿ, ಗೇರುಬೀಜ ಎಲ್ಲ ಹೊರಡುತ್ತಿದ್ದುದು ಹಳೇ ಬಂದರಿನಿಂದ. ನೇತ್ರಾವತಿ, ಗುರುಪುರ ಹೊಳೆಗಳು ಕಡಲು ಸೇರುವ ಆ ಅಳಿವೆಯಲ್ಲಿ ಹೂಳು ಜಾಸ್ತಿ, ಆಳ ಕಮ್ಮಿ. ದೊಡ್ಡ ಹಡಗು ದೂರದಲ್ಲೇ ಲಂಗರು ಹಾಕಬೇಕು, ಸರಕು ದೋಣಿಯಲ್ಲಿ ಹೋಗಬೇಕು. ಮಳೆಗಾಲದಲ್ಲಿ ಅದೂ ಕಷ್ಟ. ಆದ್ದರಿಂದಲೇ ಪಣಂಬೂರಿನಲ್ಲಿ ಸರ್ವಋತು ಬಂದರು ಕಟ್ಟಿದ್ದು. 1975ರ ಜನವರಿಯಲ್ಲಿ ಪ್ರಧಾನಿ ಇಂದಿರಾ ಗಾಂಧಿ ಅದನ್ನು ಉದ್ಘಾಟಿಸಿದರು.

ಬಂದರೇನೋ ಆಯ್ತು, ಅದನ್ನು ತುಂಬಿಸುವ ಸರಕು ಬೇಕಲ್ಲ? 1973ರಲ್ಲಿ ತೈಲದ ಬೆಲೆ ಏರಿ ಇರಾನಿನ ಕೈಯಲ್ಲಿ ದುಡ್ಡು ಓಡಾಡುತ್ತಿತ್ತು. ಉಕ್ಕಿನ ಕಾರ್ಖಾನೆ ಕಟ್ಟಲು ಅವರಿಗೆ ಅದಿರು ಬೇಕಿತ್ತು. ನಮ್ಮ ಕುದುರೆಮುಖದಲ್ಲಿ ಅದಿರಿತ್ತು, ತೆಗೆಯಲು ವಿದೇಶಿ ವಿನಿಮಯ ಇರಲಿಲ್ಲ. 1975ರಲ್ಲಿ ಒಪ್ಪಂದವಾಯಿತು. ಇರಾನ್ 63 ಕೋಟಿ ಡಾಲರ್ ಸಾಲ ಕೊಡುವುದು, ಅದಿರನ್ನೂ ತಾನೇ ಕೊಳ್ಳುವುದು. 1976ರ ಏಪ್ರಿಲ್‌ನಲ್ಲಿ ಕಂಪನಿ ಸ್ಥಾಪನೆಯಾಯಿತು. ವರ್ಷಕ್ಕೆ 75 ಲಕ್ಷ ಟನ್ ಸಂಸ್ಕರಿಸಿದ ಅದಿರಿನ ಗುರಿ.

ಅಷ್ಟೊಂದು ಅದಿರನ್ನು ಘಟ್ಟ ಇಳಿಸುವುದು ಹೇಗೆ? ರೈಲಿಲ್ಲ, ಲಾರಿಗೆ ಆಗುವ ಕೆಲಸವಲ್ಲ, ಮಳೆಯೋ ವಿಪರೀತ. ಅದಿರನ್ನು ನುಣ್ಣಗೆ ಅರೆದು, ನೀರಿನಲ್ಲಿ ಕಲಸಿ ರಾಡಿ ಮಾಡಿ, ಸುಮಾರು 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಪಣಂಬೂರಿಗೆ ಹರಿಸುವ ಉಪಾಯ ಮಾಡಿದರು. ಅಲ್ಲಿ ನೀರು ಸೋಸಿ ತೆಗೆದು, ಯಂತ್ರದ ಪಟ್ಟಿಯ ಮೇಲೆ ಹಾಯಿಸಿ ನೇರ ಹಡಗಿಗೆ ತುಂಬುವುದು. ಅದಕ್ಕಾಗಿಯೇ ಬೇರೆ ಧಕ್ಕೆ ಸಿದ್ಧವಾಯಿತು.

ಅಷ್ಟರಲ್ಲಿ 1979ರಲ್ಲಿ ಇರಾನಿನಲ್ಲಿ ಕ್ರಾಂತಿಯಾಗಿ ಷಾ ಪದಚ್ಯುತನಾದ. ಸಾಲದಲ್ಲಿ ಸುಮಾರು 25 ಕೋಟಿ ಡಾಲರ್ ಮಾತ್ರ ಬಂದಿತ್ತು. ಉಳಿದದ್ದನ್ನು ನಮ್ಮ ಸರ್ಕಾರವೇ ಹಾಕಬೇಕಾಯಿತು. 1980ರಲ್ಲಿ ಕಾರ್ಖಾನೆ ಸಿದ್ಧವಾದಾಗ ಕೊಳ್ಳುವವನೇ ಇಲ್ಲ! ಮದುವೆ ಚಪ್ಪರ ಹಾಕಿ ಆಗಿದೆ, ಗಂಡಿನ ಕಡೆಯವರ ಸುದ್ದಿಯಿಲ್ಲ ಅಂತಾರಲ್ಲ, ಹಾಗಾಯ್ತು.

ಆಗ ಕೈಹಿಡಿದದ್ದು ಬಂದರು. ಕೊಳವೆಗೆ ಒಂದೇ ದಾರಿ, ಘಟ್ಟದಿಂದ ಕಡಲಿಗೆ. ಹಡಗಿಗೆ ಹಾಗಿಲ್ಲ, ಎತ್ತ ಬೇಕಾದರೂ ಹೋಗಬಹುದು. ಹೊಸ ಗಿರಾಕಿಗಳನ್ನು ಹುಡುಕಿದರು. 1987ರಲ್ಲಿ ಪೆಲೆಟ್, ಅಂದರೆ ಅದಿರಿನ ಸಣ್ಣ ಉಂಡೆ ಮಾಡುವ ಘಟಕ ಮಂಗಳೂರಿನಲ್ಲಿ ಶುರುವಾಯಿತು. ಚೀನಾ, ಜಪಾನ್, ಬಹರೇನ್‌ಗಳಿಗೆ ಸರಕು ಹೋಯಿತು. ಮುಂದೆ ಇರಾನ್ ಕೂಡ ಪೆಲೆಟ್ ಕೊಂಡಿತು!

ಇದಕ್ಕೆ ತೆತ್ತ ಬೆಲೆಯೂ ಸಣ್ಣದಲ್ಲ. ಘಟ್ಟದ ಕಾಡು ಹೋಯಿತು, ಭದ್ರೆಗೆ ಹೂಳು ಇಳಿಯಿತು. ಸುಪ್ರೀಂ ಕೋರ್ಟಿನ ತೀರ್ಪಿನಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಅದರೊಂದಿಗೆ ಅದಿರಿನ ಕೊಳವೆಯ ಕೆಲಸವೂ ಮುಗಿಯಿತು. ಬಂದರು ಮಾತ್ರ ನಿಲ್ಲಲಿಲ್ಲ. ಅಷ್ಟರಲ್ಲಾಗಲೇ ಅಲ್ಲಿ ತೈಲ ಶುದ್ಧೀಕರಣ ಕಾರ್ಖಾನೆಗೆ ಕಚ್ಚಾತೈಲ ಬಂದಿಳಿಯುತ್ತಿತ್ತು. ಅದರಲ್ಲಿ ಇರಾನಿನದೂ ಬಹಳಷ್ಟಿತ್ತು. ಅಮೆರಿಕದ ನಿರ್ಬಂಧದಿಂದ 2019ರಲ್ಲಿ ಆ ಆಮದು ನಿಂತಾಗ, ಬೇರೆ ದೇಶಗಳ ಹಡಗು ಬಂದವು.

ಅಡಿಕೆ ಧಾರಣೆ ಕುಸಿದು ಬೆಳೆಗಾರ ಕಂಗಾಲಾಗಿದ್ದ ಕಾಲದಲ್ಲಿ, 1973ರಲ್ಲಿ, ಇದೇ ಮಂಗಳೂರಿನಲ್ಲಿ ಕ್ಯಾಂಪ್ಕೊ ಹುಟ್ಟಿತು. ಅದರ ಹಿಂದೆ ಇದ್ದುದೂ ಇದೇ ವಿವೇಕ. ಒಬ್ಬ ವ್ಯಾಪಾರಿಯ ಮರ್ಜಿಗೆ ಕಾಯುವವನ ಬೆಲೆಯನ್ನು ಆ ವ್ಯಾಪಾರಿಯೇ ನಿಶ್ಚಯಿಸುತ್ತಾನೆ. ಗೋದಾಮು, ತಕ್ಕಡಿ, ಲಾರಿ ನಮ್ಮದೇ ಇದ್ದರೆ ನಾಳೆ ಇನ್ನೊಬ್ಬರಿಗೆ ಮಾರಬಹುದು. ನಮ್ಮ ಸಂಘದ ಗೋದಾಮು ಪಣಂಬೂರಿನ ಧಕ್ಕೆಯಷ್ಟು ದೊಡ್ಡದಲ್ಲ ನಿಜ. ಆದರೆ ಅದು ಮಾಡುವ ಕೆಲಸ ಅದೇ. ಅದನ್ನು ಗಟ್ಟಿಯಾಗಿ ಉಳಿಸಿಕೊಳ್ಳುವ ಹೊಣೆ ನಮ್ಮೆಲ್ಲರದು.