ಆಫ್ರೋ ಬಿಟ್ಟು ಆಫ್ರಿಕನ್

'ಆಫ್ರೋಫ್ಯೂಚರಿಸಂ' ಎಂಬ ಪದ ಹುಟ್ಟಿದ್ದು 1993ರಲ್ಲಿ. ಅಮೆರಿಕದ ವಿಮರ್ಶಕ ಮಾರ್ಕ್ ಡೆರಿ ಮೂವರು ಕಪ್ಪು ಲೇಖಕರನ್ನು ಮಾತಾಡಿಸಿ ಪ್ರಕಟಿಸಿದ ಬರಹದಲ್ಲಿ ಅದನ್ನು ಟಂಕಿಸಿದರು. ಗತಕಾಲವನ್ನೇ ಅಳಿಸಿಹಾಕಿಸಿಕೊಂಡ ಸಮುದಾಯ ಭವಿಷ್ಯವನ್ನು ಊಹಿಸಿಕೊಳ್ಳುವುದು ಹೇಗೆ ಎಂಬುದು ಅವರ ಪ್ರಶ್ನೆಯಾಗಿತ್ತು. ಹೆಸರು ಹೊಸದಾದರೂ ಸಂಗತಿ ಹಳೆಯದು. ತಾನು ಶನಿಗ್ರಹದವನೆಂದು ಹೇಳಿಕೊಂಡೇ ಬಾಳಿದ ಜಾಝ್ ಸಂಗೀತಗಾರ ಸನ್ ರಾ ತೀರಿಕೊಂಡದ್ದು ಅದೇ ವರ್ಷ. ಕಪ್ಪು ಲೇಖಕಿ ಆಕ್ಟೇವಿಯಾ ಬಟ್ಲರ್ ಆ ಹೊತ್ತಿಗಾಗಲೇ ಕಾದಂಬರಿಗಳ ಸಾಲನ್ನೇ ಬರೆದಿದ್ದರು. 2023ರಲ್ಲಿ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ವಸ್ತುಸಂಗ್ರಹಾಲಯ ಇದೇ ಹೆಸರಿನಲ್ಲಿ ದೊಡ್ಡ ಪ್ರದರ್ಶನ ಏರ್ಪಡಿಸುವಷ್ಟರ ಮಟ್ಟಿಗೆ ಪದಕ್ಕೆ ಮರ್ಯಾದೆ ಬಂತು.

ಆದರೆ ಲಾಗೋಸ್‌ನಲ್ಲೋ ನೈರೋಬಿಯಲ್ಲೋ ನಡೆಯುವ ಕತೆಗೂ ಅದೇ ಅಂಗಿ ತೊಡಿಸತೊಡಗಿದಾಗ ತಕರಾರು ಎದ್ದಿತು. 2019ರಲ್ಲಿ ಲೇಖಕಿ ನೆಡಿ ಒಕೊರಾಫೋರ್ ತಮ್ಮ ಬರಹಕ್ಕೆ 'ಆಫ್ರಿಕನ್‌ಫ್ಯೂಚರಿಸಂ' ಎಂದು ಬೇರೆ ಹೆಸರಿಟ್ಟುಕೊಂಡರು. ನೈಜೀರಿಯಾದ ಇಗ್ಬೊ ಸಮುದಾಯದ ತಂದೆತಾಯಿಗೆ ಅಮೆರಿಕದಲ್ಲೇ ಹುಟ್ಟಿದವರು ಅವರು. ಆದ್ದರಿಂದ ಇದು ಜನ್ಮಸ್ಥಳದ ಜಗಳವಲ್ಲ. ಕತೆಯ ಬೇರು ಎಲ್ಲಿದೆ ಎಂಬ ಜಗಳ. ಅವರೇ ಕೊಟ್ಟ ಉದಾಹರಣೆ ಇದು: ಸಿನಿಮಾದ ಕಾಲ್ಪನಿಕ ಆಫ್ರಿಕನ್ ದೇಶ ವಕಾಂಡ ತನ್ನ ಮೊದಲ ಹೊರಠಾಣೆಯನ್ನು ಅಮೆರಿಕದ ಓಕ್‌ಲ್ಯಾಂಡ್‌ನಲ್ಲಿ ತೆರೆದರೆ ಅದು ಆಫ್ರೋಫ್ಯೂಚರಿಸಂ, ಪಕ್ಕದ ಆಫ್ರಿಕನ್ ದೇಶದಲ್ಲಿ ತೆರೆದರೆ ಆಫ್ರಿಕನ್‌ಫ್ಯೂಚರಿಸಂ. 'ಆಫ್ರಿಕನ್', 'ಫ್ಯೂಚರಿಸಂ' ಎರಡನ್ನೂ ಬೆಸೆದು ಒಂದೇ ಪದವಾಗಿ ಬರೆಯಬೇಕೆಂಬುದು ಅವರ ಹಟ. ಕನ್ನಡದಲ್ಲಿ 'ಆಫ್ರಿಕಾದ ಭವಿಷ್ಯವಾದ' ಎಂದು ಬಿಡಿಸಿ ಬರೆದರೆ ಅವರು ಬೇಡವೆಂದ ಬಿರುಕೇ ಬಂದು ಕೂರುತ್ತದೆ.

ಹೆಸರು ಬದಲಾದ ಮಾತ್ರಕ್ಕೆ ಏನಾಯಿತು? ನನ್ನ ಮಟ್ಟಿಗೆ ದೊಡ್ಡ ವ್ಯತ್ಯಾಸ ಕಾಣುವುದು ಮನುಷ್ಯರಲ್ಲದವರ ಮನಸ್ಸನ್ನು ಚಿತ್ರಿಸುವ ಕಡೆ. ಅನ್ಯಗ್ರಹದವರು ಬಂದಿಳಿದರೆ ನಾಯಕರೊಡನೆ ಮಾತಾಡಿಯಾರು ಎಂಬುದು ಹಾಲಿವುಡ್ಡಿನ ವಾಡಿಕೆ. ಒಕೊರಾಫೋರ್ ಅವರ 'ಲಗೂನ್' (2014) ಕಾದಂಬರಿಯಲ್ಲಿ ಅನ್ಯಗ್ರಹದವರು ಇಳಿಯುವುದು ಲಾಗೋಸ್‌ನ ಕಡಲಿಗೆ. ಮೊದಲು ಎದುರಾಗುವುದು ಒಂದು ಕತ್ತಿಮೀನು, ಅದೂ ತೈಲದ ಕೊಳವೆಗೆ ತಿವಿಯಲು ಹೊರಟದ್ದು. ನಿನಗೇನು ಬೇಕು ಎಂದು ಅವರು ಅದನ್ನು ಕೇಳುತ್ತಾರೆ. ಮೀನು ಕೇಳಿದ್ದನ್ನು ಕೊಡುತ್ತಾರೆ ಕೂಡ. ಮುಂದೆ ಲಾಗೋಸ್-ಬೆನಿನ್ ಹೆದ್ದಾರಿಯೇ ಹಸಿದು ಎದ್ದು ಜನರನ್ನು ನುಂಗುತ್ತದೆ. ಅಪಘಾತಗಳಿಗೆ ಹೆಸರಾದ ಆ ರಸ್ತೆಗೂ ಒಂದು ಮನಸ್ಸಿದೆ ಎಂದರೆ ಅಲ್ಲಿ ಯಾರೂ ಬೆಚ್ಚಿಬೀಳುವುದಿಲ್ಲ. ನದಿಗೂ ಜೇಡಕ್ಕೂ ಮುಖವಾಡಕ್ಕೂ ಇಚ್ಛೆಯಿದೆಯೆಂದು ಮೊದಲೇ ಒಪ್ಪಿಕೊಂಡ ಊರಿಗೆ ಅನ್ಯಗ್ರಹದವರು ಇನ್ನೊಂದು ಮನೆಯವರು, ಅಷ್ಟೆ.

ಹಾಗಂತ ಇದು ಮುದ್ದು ಕತೆಯಲ್ಲ. 'ಬಿಂಟಿ' (2015) ಎಂಬ ನೀಳ್ಗತೆಯ ನಾಯಕಿ ನಮೀಬಿಯಾದ ಹಿಂಬಾ ಸಮುದಾಯದ ಹುಡುಗಿ. ಮೈಗೂ ಜಡೆಗೂ ಕೆಮ್ಮಣ್ಣಿನ ಲೇಪ ಬಳಿದುಕೊಂಡೇ ದೂರದ ಗ್ರಹದ ವಿಶ್ವವಿದ್ಯಾಲಯಕ್ಕೆ ಹೊರಡುತ್ತಾಳೆ. ಅವಳು ಏರಿದ ನೌಕೆಯೇ ಒಂದು ಜೀವಂತ ಪ್ರಾಣಿ. ದಾರಿಯಲ್ಲಿ ಅಂಬಲಿ ಮೀನಿನಂಥ ಮೆಡ್ಯೂಸ್‌ಗಳು ನುಗ್ಗಿ ಅವಳ ಸಹಪಾಠಿಗಳನ್ನೆಲ್ಲ ಕೊಲ್ಲುತ್ತವೆ. ಕಾರಣ? ಮೆಡ್ಯೂಸ್‌ಗಳ ನಾಯಕನ ಕೊಂಡಿಯನ್ನು ಕಿತ್ತು ಅದೇ ವಿಶ್ವವಿದ್ಯಾಲಯ ತನ್ನ ವಸ್ತುಸಂಗ್ರಹಾಲಯದಲ್ಲಿ ಇಟ್ಟುಕೊಂಡಿದೆ. ಆಫ್ರಿಕಾದ ಎಷ್ಟೋ ವಸ್ತುಗಳು ಯುರೋಪಿನ ಗಾಜಿನ ಪೆಟ್ಟಿಗೆಗಳಲ್ಲಿರುವುದನ್ನು ಬಲ್ಲವರಿಗೆ ಈ ಸಿಟ್ಟಿನ ಬೇರು ತಿಳಿಯುತ್ತದೆ. ಮೆಡ್ಯೂಸ್‌ನ ಗಾಯ ಮಾಯುವುದು ಬಿಂಟಿಯ ಮೈಲೇಪದಿಂದ. ಕೊನೆಗೆ ಅವಳ ಜಡೆಗಳೇ ಅವುಗಳ ಬಾಹುಗಳಾಗಿ ಮಾರ್ಪಡುತ್ತವೆ. ಮೆಡ್ಯೂಸ್‌ಗಳಿಗೂ ವಿಶ್ವವಿದ್ಯಾಲಯಕ್ಕೂ ಸಂಧಾನ ಮಾಡಿಸಿದವಳು ತಾನೂ ಅರ್ಧ ಅವರೇ ಆಗುತ್ತಾಳೆ. ಈ ಕತೆಗೆ ಹ್ಯೂಗೋ, ನೆಬ್ಯುಲಾ ಪ್ರಶಸ್ತಿಗಳೆರಡೂ ಬಂದವು.

ಯೊರುಬಾ ಮೂಲದ ಲೇಖಕ ಟಾಡೆ ಥಾಂಪ್ಸನ್ ಇನ್ನೂ ನಿಷ್ಠುರ. ಅವರ 'ರೋಸ್‌ವಾಟರ್'ನಲ್ಲಿ ನೈಜೀರಿಯಾದ ನೆಲದಲ್ಲಿ ಎದ್ದ ಅನ್ಯಗ್ರಹದ ಗುಮ್ಮಟ ವರ್ಷಕ್ಕೊಮ್ಮೆ ಬಾಯ್ತೆರೆದು ರೋಗಿಗಳನ್ನು ಗುಣಪಡಿಸುತ್ತದೆ. ಅದರ ಸುತ್ತ ಊರೇ ಬೆಳೆದಿದೆ. ಇತ್ತ ಮನುಷ್ಯರ ಜೀವಕೋಶಗಳು ಒಂದೊಂದಾಗಿ ಸದ್ದಿಲ್ಲದೆ ಬದಲಾಗುತ್ತಿವೆ. ಉಪಕಾರ ಯಾವುದು, ಆಕ್ರಮಣ ಯಾವುದು ಎಂದು ಬಿಡಿಸಿ ಹೇಳಲಾಗದ ಈ ಸ್ಥಿತಿ ವಸಾಹತು ಕಂಡ ನಾಡಿಗೆ ಹೊಸದೇನಲ್ಲ. 2017ರಲ್ಲಿ ಮೊದಲ ನೊಮ್ಮೊ ಪ್ರಶಸ್ತಿ ಪಡೆದ ಕಾದಂಬರಿ ಇದು. ನೊಮ್ಮೊ ಎಂದರೆ ಮಾಲಿ ದೇಶದ ಡೋಗೊನರು ನಂಬುವ, ನೀರಲ್ಲೂ ನೆಲದಲ್ಲೂ ಬದುಕುವ ಆದಿಜೀವಿಗಳು. ಅಲ್ಲಿ ಪ್ರಶಸ್ತಿಯ ಹೆಸರೂ ಮನುಷ್ಯನದಲ್ಲ.

ಒಕೊರಾಫೋರ್ ಅವರ ಪದಕ್ಕೀಗ ಇನ್ನೊಂದು ಕೆಲಸ ಬಂದಿದೆ. 2025ರ 'ಡೆತ್ ಆಫ್ ದಿ ಆಥರ್'ನಲ್ಲಿ ಕಾದಂಬರಿಯೊಳಗೊಂದು ಕಾದಂಬರಿ ಇದೆ: ಮನುಷ್ಯಕುಲ ಅಳಿದ ಮೇಲಿನ ನೈಜೀರಿಯಾದಲ್ಲಿ ರೋಬೋಗಳ ಬದುಕು. ಅವುಗಳಿಗೂ ಕತೆಯ ಹಸಿವು, ಒಳಜಗಳ. ಕೃತಕ ಬುದ್ಧಿಮತ್ತೆ ನಮ್ಮ ದಾಸನೋ ಯಮನೋ ಎಂದು ಬೇರೆಡೆ ಚರ್ಚೆ ನಡೆದಿರುವಾಗ ಇಲ್ಲಿ ಅದಕ್ಕೂ ಒಂದು ಕುಲ, ಒಂದು ನೆಲ.

ಪದ ಜನಪ್ರಿಯವಾದಂತೆ ಹಣೆಪಟ್ಟಿಯೂ ಆಗುತ್ತದೆ. ಮುಖಪುಟದಲ್ಲಿ ಕಪ್ಪು ಮುಖ, ಹಿನ್ನೆಲೆಯಲ್ಲಿ ರಾಕೆಟ್ ಕಂಡರೆ ಸಾಕು, ಮಾರುವವರು ಎರಡರಲ್ಲಿ ಒಂದನ್ನು ಅಂಟಿಸಿಬಿಡುತ್ತಾರೆ. ಅಂಥ ಪುಸ್ತಕ ಕೈಗೆ ಬಂದಾಗ ನೌಕೆ ಎಲ್ಲಿ ಇಳಿಯಿತು, ಬಂದವರು ಮೊದಲು ಯಾರನ್ನು ಮಾತಾಡಿಸಿದರು ಎಂದು ನೋಡಿಕೊಂಡರೆ ಯಾವ ಪದ ಸಲ್ಲುತ್ತದೆಂಬುದು ಗೊತ್ತಾಗುತ್ತದೆ.