ಪ್ರದರ್ಶನದ ಅಂಗಳ, ಆಶ್ರಯದ ಅಂಗಳ: ದೊಡ್ಡ ತಳಿಯ ನಾಯಿಗಳನ್ನು ದತ್ತು ಪಡೆಯುವ ಪದ್ಧತಿಯ ಇತಿಹಾಸ

ದಾರಿತಪ್ಪಿದ ಅಥವಾ ಯಜಮಾನರು ಕೈಬಿಟ್ಟ ನಾಯಿಯನ್ನು ಒಂದು ಸಂಸ್ಥೆಯಿಂದ ಪಡೆದು, ಅದರ ಜೀವಮಾನದ ಹೊಣೆಯನ್ನು ಕಾಗದದ ಮೇಲೆ ಒಪ್ಪಿಕೊಂಡು ಮನೆಗೆ ಕರೆತರುವ ಪದ್ಧತಿಗೆ ಇನ್ನೂ 200 ವರ್ಷ ತುಂಬಿಲ್ಲ. ಇಂದು ದತ್ತು ಎಂದು ಕರೆಯಲಾಗುವ ಈ ಪದ್ಧತಿಯ ಬೇರು 19ನೆಯ ಶತಮಾನದ ಲಂಡನ್ನಿನಲ್ಲಿದೆ. ನಾಯಿಗಳನ್ನು ತಳಿವಾರು ವಿಂಗಡಿಸಿ, ಅಂಗಾಂಗಗಳನ್ನು ಪರೀಕ್ಷಿಸಿ ಬಹುಮಾನ ಕೊಡುವ ಪ್ರದರ್ಶನಗಳು ಮೊದಲಾದದ್ದೂ ಅದೇ ದೇಶದಲ್ಲಿ, ಹೆಚ್ಚುಕಡಿಮೆ ಅದೇ ವರ್ಷಗಳಲ್ಲಿ. ಪ್ರಾಣಿದಯೆಯ ಚರಿತ್ರೆಯನ್ನೂ ತಳಿಸಂವರ್ಧನೆಯ ಚರಿತ್ರೆಯನ್ನೂ ಬೇರೆಬೇರೆಯಾಗಿ ಬರೆಯುವುದು ರೂಢಿಯಾಗಿದ್ದರೂ, ದೊಡ್ಡ ತಳಿಗಳ ಮಟ್ಟಿಗೆ, ಅಂದರೆ ಬೆಳೆದಾಗ ಸುಮಾರು 25 ಕಿಲೋ ಮೀರುವ ನಾಯಿಗಳ ಮಟ್ಟಿಗೆ, ಆ ಎರಡೂ ಒಂದೇ ಚರಿತ್ರೆಯ ಎರಡು ಮುಖಗಳೆಂದು ತಿಳಿಯುವುದೇ ಸರಿ. ಅಂಥ ನಾಯಿಯ ಮೈಕಟ್ಟನ್ನು ನಿರ್ಧರಿಸಿದ್ದು ಪ್ರದರ್ಶನದ ಅಂಗಳವಾದರೆ, ಆ ಮೈಕಟ್ಟಿನ ಭಾರ ಬಂದು ಬಿದ್ದದ್ದು ಆಶ್ರಯಧಾಮದ ಅಂಗಳದಲ್ಲಿ.

ಇದಕ್ಕೂ ಹಿಂದೆ ನಾಯಿಗಳು ಒಬ್ಬರ ಮನೆಯಿಂದ ಇನ್ನೊಬ್ಬರ ಮನೆಗೆ ಹೋಗುತ್ತಿರಲಿಲ್ಲವೆಂದಲ್ಲ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ 10ನೆಯ ಶತಮಾನದ ಶಾಸನವು ಅಂಥದೊಂದು ಹಸ್ತಾಂತರವನ್ನೇ ದಾಖಲಿಸುತ್ತದೆ. ರಾಷ್ಟ್ರಕೂಟರ ಮೂರನೆಯ ಕೃಷ್ಣನು ತಕ್ಕೋಲದಲ್ಲಿ ಚೋಳ ರಾಜಾದಿತ್ಯನನ್ನು ಎದುರಿಸಿದಾಗ ಗಂಗರ ಇಮ್ಮಡಿ ಬೂತುಗನ ಪರವಾಗಿ ಕಾದಿದ ಮಣಲೆರನೆಂಬ ವೀರನು, ಮೆಚ್ಚಿದ ಒಡೆಯನು ಬೇಕಾದುದನ್ನು ಬೇಡೆಂದಾಗ, ಊರನ್ನಾಗಲಿ ಹೊನ್ನನ್ನಾಗಲಿ ಬೇಡದೆ ಕಾಳಿಯೆಂಬ ಬೇಟೆನಾಯಿಯನ್ನು ಬೇಡಿ ಪಡೆದನು. ಮುಂದೆ ಹಂದಿಯೊಂದರೊಡನೆ ಹೋರಾಡಿ, ಅದನ್ನು ಕೊಂದು ತಾನೂ ಸತ್ತ ಕಾಳಿಯ ನೆನಪಿಗೆ ಆತಕೂರಿನ ದೇವಾಲಯದ ಮುಂದೆ ಕಲ್ಲು ನಿಂತಿತು. ಆ ಕಲ್ಲಿನ ಪೂಜೆಗೆಂದು ಭೂಮಿಯನ್ನೂ ಬಿಡಲಾಯಿತು. ನಾಯಿಯೂ ಹಂದಿಯೂ ಮೈಗೆ ಮೈ ಹೆಣೆದು ಸೆಣಸುತ್ತಿರುವ ದೃಶ್ಯ ಆ ಕಲ್ಲಿನಲ್ಲಿ ಕೆತ್ತಿದೆ. ಕಾಳಿಗೆ ಹೆಸರಿತ್ತು, ಕೆಲಸವಿತ್ತು, ಕೊಟ್ಟವನೂ ಪಡೆದವನೂ ಇದ್ದರು. ಆಧುನಿಕ ದತ್ತು ಪದ್ಧತಿ ಎದುರಿಸಬೇಕಾಗಿ ಬಂದದ್ದು ಈ ನಾಲ್ಕರಲ್ಲಿ ಒಂದೂ ಇಲ್ಲದ ನಾಯಿಯನ್ನು.

ಯೂರೋಪಿನಲ್ಲಿಯೂ ದೊಡ್ಡ ನಾಯಿಯನ್ನು ಸಾಕುತ್ತಿದ್ದುದು ಬಹುಮಟ್ಟಿಗೆ ಕೆಲಸಕ್ಕಾಗಿಯೇ. ಮೀನುಗಾರರ ದೋಣಿಗಳಲ್ಲಿ ನ್ಯೂಫೌಂಡ್‌ಲೆಂಡ್ ನಾಯಿಗಳಿದ್ದವು. ಸ್ವಿಟ್ಜರ್ಲೆಂಡ್ ಮತ್ತು ಇಟಲಿಯ ನಡುವಣ ಗ್ರೇಟ್ ಸೇಂಟ್ ಬರ್ನಾರ್ಡ್ ಕಣಿವೆದಾರಿಯ ಮಠದಲ್ಲಿ, ಹಿಮದಲ್ಲಿ ಸಿಕ್ಕಿಕೊಂಡ ಪ್ರಯಾಣಿಕರನ್ನು ಹುಡುಕುವ ನಾಯಿಗಳಿದ್ದವು. ಲಂಡನ್ನಿನ ಬೀದಿಗಳಲ್ಲಿ ಕಸಾಯಿಯವರ, ರೊಟ್ಟಿಯವರ ಪುಟ್ಟ ಗಾಡಿಗಳನ್ನು ನಾಯಿಗಳೇ ಎಳೆಯುತ್ತಿದ್ದವು. ಲಂಡನ್ನಿನಲ್ಲಿ ನಾಯಿಗಾಡಿಗಳನ್ನು 1839ರ ಪೊಲೀಸ್ ಕಾಯ್ದೆ ನಿಷೇಧಿಸಿತು, 1854ರಲ್ಲಿ ಆ ನಿಷೇಧ ದೇಶದುದ್ದಕ್ಕೂ ವಿಸ್ತರಿಸಿತು. ಕ್ರೌರ್ಯವನ್ನು ತಡೆಯಲೆಂದೇ ಬಂದ ಕಾಯ್ದೆಯಾದರೂ ಅದರ ಇನ್ನೊಂದು ಫಲವನ್ನು ಮರೆಯುವಂತಿಲ್ಲ: ದುಡಿಮೆ ಕಳೆದುಕೊಂಡ ನಾಯಿಗೆ ಅನ್ನ ಹಾಕಲಾರದ ಬಡ ವ್ಯಾಪಾರಿಗಳು ಎಷ್ಟೋ ನಾಯಿಗಳನ್ನು ಕೊಂದರು, ಎಷ್ಟನ್ನೋ ಬೀದಿಗೆ ಬಿಟ್ಟರು.

ಹೀಗೆ ಕೆಲಸದಿಂದ ಕಳಚಿಕೊಂಡ ದೊಡ್ಡ ನಾಯಿಗೆ ಹೊಸ ಬೆಲೆ ತಂದುಕೊಟ್ಟದ್ದು ಪ್ರದರ್ಶನ. 1859ರಲ್ಲಿ ನ್ಯೂಕ್ಯಾಸಲ್‌ನಲ್ಲಿ ನಡೆದ ಪ್ರದರ್ಶನದಲ್ಲಿ ಬೇಟೆಗಾರರ ಪಾಯಿಂಟರ್ ಮತ್ತು ಸೆಟರ್ ನಾಯಿಗಳಷ್ಟೇ ಇದ್ದವು. 1873ರಲ್ಲಿ ಕೆನೆಲ್ ಕ್ಲಬ್ ಸ್ಥಾಪನೆಯಾಗುವ ವೇಳೆಗೆ ಪ್ರತಿಯೊಂದು ತಳಿಗೂ ವಂಶಾವಳಿಯ ದಾಖಲೆ ಇಡುವ ವ್ಯವಸ್ಥೆ ರೂಪುಗೊಳ್ಳುತ್ತಿತ್ತು. ಗಾತ್ರವೇ ಗುಣವೆನಿಸಿಕೊಂಡ ತಳಿಗಳಲ್ಲಿ ಆಗಿರುವ ಬದಲಾವಣೆಯನ್ನು ಕಣ್ಣಾರೆ ಕಾಣಬಹುದಾದ ಸ್ಥಳವೊಂದಿದೆ. 19ನೆಯ ಶತಮಾನದ ಆರಂಭದಲ್ಲಿ ಸೇಂಟ್ ಬರ್ನಾರ್ಡ್ ಮಠದಲ್ಲಿದ್ದು, 40ಕ್ಕೂ ಹೆಚ್ಚು ಜನರನ್ನು ಉಳಿಸಿದನೆಂದು ಪ್ರಸಿದ್ಧನಾದ ಬ್ಯಾರಿ ಎಂಬ ನಾಯಿಯ ದೇಹವನ್ನು ಬರ್ನ್ ನಗರದ ನಿಸರ್ಗ ವಸ್ತುಸಂಗ್ರಹಾಲಯದಲ್ಲಿ ಕಾಪಿಡಲಾಗಿದೆ. ಅವನ ತೂಕ 45 ಕಿಲೋ ಮೀರಿರಲಿಲ್ಲವೆಂದು ಅಂದಾಜು. ಇಂದಿನ ಸೇಂಟ್ ಬರ್ನಾರ್ಡ್ ಗಂಡುನಾಯಿ 70 ಕಿಲೋ ದಾಟುವುದು ಸಾಮಾನ್ಯ. ಹಿಮದಲ್ಲಿ ಓಡಾಡಬೇಕಿದ್ದ ಪ್ರಾಣಿಗೆ ಈ ಹೆಚ್ಚಿನ ತೂಕದ ಅಗತ್ಯವಿರಲಿಲ್ಲ, ನೋಡುವವರ ಕಣ್ಣಿಗೆ ಇತ್ತು. 2005ರಲ್ಲಿ ಮಠದವರೇ ತಮ್ಮ ನಾಯಿಗಳ ಪಾಲನೆಯನ್ನು ಮಾರ್ಟಿನಿ ಊರಿನ ಪ್ರತಿಷ್ಠಾನವೊಂದಕ್ಕೆ ಒಪ್ಪಿಸಿದರು.

ಪ್ರದರ್ಶನ ಆರಂಭವಾದ ಮರುವರ್ಷವೇ, 1860ರ ಅಕ್ಟೋಬರ್‌ನಲ್ಲಿ, ಮೇರಿ ಟೀಲ್ಬಿ ಎಂಬ ಮಹಿಳೆ ಉತ್ತರ ಲಂಡನ್ನಿನ ಹಾಲೊವೇಯಲ್ಲಿ ಒಂದು ಕುದುರೆಲಾಯದ ಅಂಗಳವನ್ನು ಹಿಡಿದು ‘ಕಳೆದುಹೋದ ಮತ್ತು ಹಸಿದ ನಾಯಿಗಳ ತಾತ್ಕಾಲಿಕ ಮನೆ’ಯನ್ನು ತೆರೆದಳು. ಪತಿಯಿಂದ ಬೇರೆಯಾಗಿ, ಪಾದ್ರಿಯಾಗಿದ್ದ ಸೋದರನ ಆಸರೆಯಲ್ಲಿದ್ದ ಈಕೆಗೆ ಹಣವಾಗಲಿ ಅಧಿಕಾರವಾಗಲಿ ಇರಲಿಲ್ಲ. ಮನುಷ್ಯರೇ ಬೀದಿಯಲ್ಲಿ ಹಸಿದು ಸಾಯುತ್ತಿರುವಾಗ ನಾಯಿಗೆ ಮನೆಯೇ ಎಂದು ದಿ ಟೈಮ್ಸ್ ಪತ್ರಿಕೆ ಗೇಲಿ ಮಾಡಿತು. 1862ರಲ್ಲಿ, ಚಾರ್ಲ್ಸ್ ಡಿಕನ್ಸ್ ಸಂಪಾದಿಸುತ್ತಿದ್ದ ‘ಆಲ್ ದಿ ಇಯರ್ ರೌಂಡ್’ ಪತ್ರಿಕೆಯಲ್ಲಿ ಎರಡು ನಾಯಿ ಪ್ರದರ್ಶನಗಳ ಕುರಿತು ಬಂದ ಲೇಖನ ಗಾಳಿಯ ದಿಕ್ಕನ್ನು ಬದಲಿಸಿತು. ಅದರಲ್ಲಿ ಮೊದಲನೆಯದು ಇಸ್ಲಿಂಗ್ಟನ್ನಿನ ಬಹುಮಾನದ ನಾಯಿಗಳ ಮೇಳ. ಎರಡನೆಯದು ಅಲ್ಲಿಂದ ಕೂಗಳತೆಯಲ್ಲೇ ಇದ್ದ ಟೀಲ್ಬಿಯ ಅಂಗಳ. ಲೇಖಕನ ಒಲವು ಎರಡನೆಯದರ ಕಡೆಗಿತ್ತು. ಎರಡು ಅಂಗಳಗಳನ್ನು ಒಂದೇ ನೋಟದಲ್ಲಿ ಹಿಡಿದ ಆ ಲೇಖನ ಇಂದಿಗೂ ಈ ವಿಷಯದ ಅತ್ಯಂತ ಸೂಕ್ಷ್ಮವಾದ ಬರಹಗಳಲ್ಲೊಂದು. ಸಂಸ್ಥೆ ನೆಲೆಯೂರುವುದನ್ನು ಕಾಣದೆ 1865ರಲ್ಲಿ ಟೀಲ್ಬಿ ತೀರಿಕೊಂಡಳು. 1871ರಲ್ಲಿ ಅದು ಥೇಮ್ಸ್ ನದಿಯ ದಕ್ಷಿಣದ ಬ್ಯಾಟರ್‌ಸೀಗೆ ಸ್ಥಳಾಂತರಗೊಂಡು, ಇಂದಿಗೂ ಆ ಹೆಸರಿನಿಂದಲೇ ಪ್ರಸಿದ್ಧವಾಗಿದೆ.

ಈ ಮನೆಯ ಮೂಲ ಉದ್ದೇಶ ಕಳೆದುಹೋದ ನಾಯಿಯನ್ನು ಯಜಮಾನನಿಗೆ ಮರಳಿಸುವುದಾಗಿತ್ತೇ ಹೊರತು ಹೊಸ ಮನೆ ಹುಡುಕುವುದಲ್ಲ; ಅದು ತಾತ್ಕಾಲಿಕ ಎಂಬ ಮಾತು ಹೆಸರಿನಲ್ಲೇ ಇತ್ತು. 1867ರಲ್ಲಿ ಲಂಡನ್ ಬೀದಿಗಳ ಕಾಯ್ದೆ ಬೇವಾರಸಿ ನಾಯಿಗಳನ್ನು ಹಿಡಿಯುವ ಅಧಿಕಾರವನ್ನು ಪೊಲೀಸರಿಗೆ ಕೊಟ್ಟಾಗ, ಹಿಡಿದ ನಾಯಿಗಳು ಬಂದು ತುಂಬಿಕೊಂಡದ್ದು ಇಲ್ಲಿಯೇ. ಮೂರು ದಿನ ಕಾಯುವುದು, ಯಾರೂ ಬಾರದಿದ್ದರೆ ಮಾರುವುದು ಅಥವಾ ಕೊಲ್ಲುವುದು ಕ್ರಮವಾಯಿತು. ಹುಚ್ಚುನಾಯಿ ರೋಗದ ಭೀತಿಯಿಂದ ನಾಯಿಗಳಿಗೆ ಬಾಯಿಕುಕ್ಕೆ ಹಾಕಬೇಕೆಂಬ ಆಜ್ಞೆ ಹೊರಟಾಗಲೆಲ್ಲ ಹಿಡಿದು ತಂದ ನಾಯಿಗಳ ಸಂಖ್ಯೆ ಏರುತ್ತಿತ್ತು. 1884ರಲ್ಲಿ ವೈದ್ಯ ಬೆಂಜಮಿನ್ ವಾರ್ಡ್ ರಿಚರ್ಡ್‌ಸನ್, ನಾಯಿಗಳು ನೋವಿಲ್ಲದೆ ಸಾಯಲೆಂದು, ಅರಿವಳಿಕೆಯ ಆವಿ ತುಂಬಿದ ಕೋಣೆಯೊಂದನ್ನು ಬ್ಯಾಟರ್‌ಸೀಯಲ್ಲಿ ನಿರ್ಮಿಸಿದನು. ಆ ಕಾಲದಲ್ಲಿ ಅದನ್ನು ಕರುಣೆಯ ಸಾಧನೆಯೆಂದೇ ಕೊಂಡಾಡಲಾಯಿತು. ಅಂದಿನ ಲೆಕ್ಕಾಚಾರ ದೊಡ್ಡ ನಾಯಿಗೆ ಅನುಕೂಲವಾಗಿರಲಿಲ್ಲ. 1878ರಿಂದ ಏಳೂವರೆ ಷಿಲಿಂಗ್ ಆಗಿದ್ದ ನಾಯಿ ಪರವಾನಗಿ ಶುಲ್ಕ ಎಲ್ಲ ಗಾತ್ರಕ್ಕೂ ಒಂದೇ ಆಗಿತ್ತು, ಹೊಟ್ಟೆ ಒಂದೇ ಆಗಿರಲಿಲ್ಲ. ಮೊದಲನೆಯ ಮಹಾಯುದ್ಧ ಮಾತ್ರ ಅಂಥ ನಾಯಿಗಳಿಗೆ ಮತ್ತೆ ಕೆಲಸ ತಂದಿತು. ಸೇನಾಧಿಕಾರಿ ಎಡ್ವಿನ್ ರಿಚರ್ಡ್‌ಸನ್ 1917ರಲ್ಲಿ ಶೂಬರಿನೆಸ್‌ನಲ್ಲಿ ಸಂದೇಶವಾಹಕ ನಾಯಿಗಳ ಶಾಲೆ ತೆರೆದಾಗ ಮೊದಲ ತಂಡಗಳನ್ನು ಆರಿಸಿಕೊಂಡದ್ದು ಬ್ಯಾಟರ್‌ಸೀಯಂಥ ಆಶ್ರಯಧಾಮಗಳಿಂದ. ಇದಕ್ಕೆ ತದ್ವಿರುದ್ಧವಾಗಿ 1939ರ ಸೆಪ್ಟೆಂಬರ್‌ನಲ್ಲಿ, ಇನ್ನೊಂದು ಯುದ್ಧ ಘೋಷಣೆಯಾದ ವಾರದಲ್ಲಿ, ಆಹಾರದ ಕೊರತೆಗೂ ಬಾಂಬಿಗೂ ಹೆದರಿದ ಲಂಡನ್ನಿಗರು ಸುಮಾರು 4 ಲಕ್ಷ ನಾಯಿಬೆಕ್ಕುಗಳನ್ನು ತಾವಾಗಿಯೇ ಕೊಲ್ಲಿಸಿದರು.

ಅಮೆರಿಕದಲ್ಲಿ 1869ರಲ್ಲಿ ಕ್ಯಾರೊಲಿನ್ ಅರ್ಲ್ ವೈಟ್ ನೇತೃತ್ವದ ಫಿಲಡೆಲ್ಫಿಯದ ಮಹಿಳೆಯರು ಇಂಥದೇ ಕಾರ್ಯಕ್ಕೆ ತೊಡಗಿದರು. ಆದರೆ ಹೊಸ ಮನೆ ಹುಡುಕುವುದೇ ಆಶ್ರಯಧಾಮದ ಮುಖ್ಯ ಕೆಲಸವೆಂಬ ತಿಳಿವಳಿಕೆ ಎರಡೂ ದೇಶಗಳಲ್ಲಿ ಬಲಗೊಂಡದ್ದು 20ನೆಯ ಶತಮಾನದ ಉತ್ತರಾರ್ಧದಲ್ಲಿ, ಸಂತಾನಹರಣ ಶಸ್ತ್ರಚಿಕಿತ್ಸೆ ಅಗ್ಗವಾಗಿ, ಅನಗತ್ಯ ಮರಿಗಳ ಹುಟ್ಟು ಇಳಿಮುಖವಾದ ಮೇಲೆ. ಒಂದೊಂದು ತಳಿಗೂ ಪ್ರತ್ಯೇಕ ರಕ್ಷಣಾ ಸಂಘಗಳು ಹುಟ್ಟಿಕೊಂಡವು. ಬ್ರಿಟನ್ನಿನಲ್ಲಿ 1926ರಲ್ಲಿ ಮೊದಲಾದ ಗ್ರೇಹೌಂಡ್ ಓಟದ ಪಂದ್ಯಗಳಿಂದ ನಿವೃತ್ತವಾದ ನಾಯಿಗಳಿಗೆ ಮನೆ ಹುಡುಕುವ ಟ್ರಸ್ಟ್ ಸ್ಥಾಪನೆಯಾದದ್ದು 1975ರಲ್ಲಿ. ನಾಯಿ ಹಬ್ಬದ ಉಡುಗೊರೆಯಲ್ಲ, ಜೀವಮಾನದ ಜೊತೆಗಾರ ಎಂಬ ಪ್ರಚಾರವನ್ನು ಅಲ್ಲಿನ ಇನ್ನೊಂದು ಸಂಸ್ಥೆ 1978ರಲ್ಲಿ ಆರಂಭಿಸಿತು.

ಆ ಪ್ರಚಾರದ ಅಗತ್ಯ ದೊಡ್ಡ ತಳಿಯ ಮರಿಗಳ ವಿಷಯದಲ್ಲಿ ಎಲ್ಲಕ್ಕಿಂತ ಹೆಚ್ಚು. ಎಂಟು ವಾರದ ಗ್ರೇಟ್ ಡೇನ್ ಅಥವಾ ಸೇಂಟ್ ಬರ್ನಾರ್ಡ್ ಮರಿ ಮಡಿಲಲ್ಲಿ ಮಲಗುವಷ್ಟಿರುತ್ತದೆ. ಮೈಗಿಂತ ದೊಡ್ಡದೆನಿಸುವ ಪಾದಗಳು, ಹೆಜ್ಜೆ ತಪ್ಪಿದಾಗ ಮುಂದಕ್ಕೆ ಜಾರುವ ಮುಂಗಾಲುಗಳು, ಮೈಗೆ ಅಳತೆ ತಪ್ಪಿದಂತೆ ಜೋತ ಚರ್ಮ ಮಾತ್ರ ಮುಂದಿನದರ ಸೂಚನೆ ಕೊಡುತ್ತವೆ. ವರ್ಷ ತುಂಬುವಷ್ಟರಲ್ಲಿ ಅದು ಒಬ್ಬ ವಯಸ್ಕನ ತೂಕವನ್ನು ಸಮೀಪಿಸಿರುತ್ತದೆ, ಬುದ್ಧಿ ಮಾತ್ರ ಇನ್ನೂ ಮರಿಯದೇ. ಅಷ್ಟು ಬಲದ ಪ್ರಾಣಿ ಹಗ್ಗ ಜಗ್ಗಿ ಎಳೆದಾಗ, ಪ್ರೀತಿಯಿಂದ ಮೈಮೇಲೆ ಹಾರಿದಾಗ ಮನೆಯವರಿಗೆ ದಿಗಿಲಾಗುತ್ತದೆ; ಆಶ್ರಯಧಾಮಗಳ ಬಾಗಿಲಿಗೆ ದೊಡ್ಡ ನಾಯಿಗಳು ಬಂದು ಸೇರುವುದು ಹೆಚ್ಚಾಗಿ ಈ ಹರೆಯದಲ್ಲಿಯೇ. ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲರ್ 1965ರಲ್ಲಿ ಪ್ರಕಟಿಸಿದ ಸಂಶೋಧನೆಯು, ಮರಿ ಮನುಷ್ಯರನ್ನೂ ಹೊರಜಗತ್ತನ್ನೂ ಒಪ್ಪಿಕೊಳ್ಳಲು ಕಲಿಯುವ ನಿರ್ಣಾಯಕ ಅವಧಿ ಮೂರನೆಯ ವಾರದಿಂದ ಹನ್ನೆರಡನೆಯ ವಾರದವರೆಗೆ ಎಂದು ತೋರಿಸಿತು. ಆ ವಾರಗಳನ್ನು ಬೋನಿನಲ್ಲಿ ಕಳೆದ ಮರಿಗೆ ಆಗುವ ನಷ್ಟವನ್ನು ತಪ್ಪಿಸಲು, ಅದನ್ನು ಸ್ವಯಂಸೇವಕರ ಮನೆಯಲ್ಲಿ ಬೆಳೆಸುವ ಸಾಕುಮನೆ ವ್ಯವಸ್ಥೆ ಬಹಳ ಸಹಕಾರಿಯಾಗಿದೆ.

ಮೂಳೆಗಳ ವಿಚಾರ ಇನ್ನೂ ಸೂಕ್ಷ್ಮವಾದುದು. ಉದ್ದ ಮೂಳೆಗಳ ತುದಿಯಲ್ಲಿದ್ದು ಬೆಳವಣಿಗೆಗೆ ಕಾರಣವಾಗುವ ಮೃದ್ವಸ್ಥಿಯ ಪದರಗಳು ಚಿಕ್ಕ ತಳಿಗಳಲ್ಲಿ ವರ್ಷದೊಳಗೇ ಗಟ್ಟಿಯಾದರೆ, ದೊಡ್ಡ ತಳಿಗಳಲ್ಲಿ ಅದಕ್ಕೆ ಒಂದೂವರೆ ವರ್ಷದವರೆಗೂ ಹಿಡಿಯುತ್ತದೆ. ಗ್ರೇಟ್ ಡೇನ್ ಮರಿಗಳಿಗೆ ಬೇಕಾದಷ್ಟು ಆಹಾರ ಕೊಟ್ಟು ಬೆಳೆಸಿದ 1974ರ ಪ್ರಯೋಗವೊಂದರಲ್ಲಿ, ಮಿತವಾಗಿ ತಿಂದ ಮರಿಗಳಿಗಿಂತ ಹೊಟ್ಟೆಬಿರಿಯೆ ತಿಂದ ಮರಿಗಳ ಮೂಳೆಗಳಲ್ಲೇ ದೋಷಗಳು ಹೆಚ್ಚಾಗಿ ಕಂಡವು. ಹಸಿದು ಬಂದ ಮರಿಗೆ ಮರುಕದಿಂದ ಹಾಲು, ಸುಣ್ಣದ ಮಾತ್ರೆ, ಮೊಟ್ಟೆಗಳನ್ನು ಒಟ್ಟೊಟ್ಟಿಗೆ ಕೊಡುವವರು ತಿಳಿಯಬೇಕಾದ ಸಂಗತಿಯಿದು. ದತ್ತು ಕೊಡುವ ಮೊದಲೇ ಎಂಟು ವಾರದ ಮರಿಗೂ ಸಂತಾನಹರಣ ಚಿಕಿತ್ಸೆ ಮಾಡಿ ಕಳಿಸುವ ಪದ್ಧತಿಯನ್ನು ಅಮೆರಿಕದ ಆಶ್ರಯಧಾಮಗಳು ರೂಢಿಗೆ ತಂದಿದ್ದವು. 2013ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದ ಸಂಶೋಧಕರು, ವರ್ಷದೊಳಗೆ ಈ ಚಿಕಿತ್ಸೆಯಾದ ಗೋಲ್ಡನ್ ರಿಟ್ರೀವರ್‌ಗಳಲ್ಲಿ ಕೀಲುರೋಗ ಹೆಚ್ಚೆಂದು ತೋರಿಸಿದ ಮೇಲೆ, ಬೇವಾರಸಿ ಮರಿಗಳ ಹುಟ್ಟನ್ನು ತಡೆಯುವ ಹೊಣೆಗೂ ಕೈಯಲ್ಲಿರುವ ಮರಿಯ ಕೀಲುಗಳ ಹಿತಕ್ಕೂ ನಡುವೆ ಆಶ್ರಯಧಾಮಗಳು ಆಯ್ಕೆ ಮಾಡಬೇಕಾಗಿ ಬಂತು. ಮರಿ ಬೆಳೆದ ಮೇಲೆ ಚಿಕಿತ್ಸೆ ಮಾಡಿಸುವೆವೆಂಬ ಮುಚ್ಚಳಿಕೆ ಬರೆಸಿಕೊಂಡು ಕೊಡುವುದು ಅವು ಕಂಡುಕೊಂಡಿರುವ ಒಂದು ದಾರಿ.

ಭಾರತದಲ್ಲಿ ಬೀದಿನಾಯಿಗಳ ವಿಷಯಕ್ಕೆ ಬೇರೆಯೇ ಚರಿತ್ರೆಯಿದೆ. 2001ರ ನಿಯಮಗಳು ಅವುಗಳಿಗೆ ಸಂತಾನಹರಣ ಚಿಕಿತ್ಸೆ ಮಾಡಿ ಹಿಡಿದ ಜಾಗದಲ್ಲೇ ಬಿಡಬೇಕೆಂದು ವಿಧಿಸಿದ್ದವು. ದೊಡ್ಡ ತಳಿಗಳದು ನಗರಗಳ ಹೊಸ ಸಿರಿವಂತಿಕೆಯ ಜೊತೆ ಬಂದ ಸಮಸ್ಯೆ. ಬೆಂಗಳೂರಿನಲ್ಲಿ 1991ರಲ್ಲಿ ಕ್ರಿಸ್ಟಲ್ ರೋಜರ್ಸ್ ಸ್ಥಾಪಿಸಿದ ಕ್ಯೂಪಾ ಸಂಸ್ಥೆ, ಮನೆಯವರು ಬಿಟ್ಟುಬಿಟ್ಟ ತಳಿನಾಯಿಗಳಿಗೆಂದೇ ಮುಂದೆ ಪ್ರತ್ಯೇಕ ದತ್ತು ಕೇಂದ್ರ ತೆರೆಯಬೇಕಾಯಿತು. ವ್ಯಾಪಾರಕ್ಕಾಗಿ ಮರಿ ಹಾಕಿಸಲು ವಿದೇಶಿ ನಾಯಿಗಳನ್ನು ತರುವುದನ್ನು ಕೇಂದ್ರ ಸರ್ಕಾರ 2016ರಲ್ಲಿ ತಡೆದರೂ, ದೇಶದೊಳಗಿನ ಮರಿ ವ್ಯಾಪಾರ ನಿಲ್ಲಲಿಲ್ಲ. 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ರಾಟ್‌ವೈಲರ್, ಕೇನ್ ಕೊರ್ಸೊ ಮೊದಲಾದ 23 ತಳಿಗಳ ಸಾಕಣೆ ಮತ್ತು ಮಾರಾಟವನ್ನು ನಿಷೇಧಿಸುವ ಸುತ್ತೋಲೆ ಹೊರಡಿಸಿತು. ಸಂಬಂಧಪಟ್ಟವರೊಡನೆ ಸಮಾಲೋಚಿಸದೆ ಹೊರಡಿಸಿದ್ದೆಂಬ ಕಾರಣಕ್ಕೆ ಏಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ರದ್ದುಪಡಿಸಿತು. ನಾಯಿಯ ವರ್ತನೆಗೆ ತಳಿಗಿಂತ ಅದನ್ನು ಸಾಕಿದ ರೀತಿ ಹೆಚ್ಚು ಕಾರಣವೆಂದು ಬಲ್ಲವರಿಗೆ ಆ ತೀರ್ಪು ಸಮಾಧಾನ ತಂದಿತು. ಅಪಾರ್ಟ್‌ಮೆಂಟ್ ಸಂಘಗಳು ಚಿಕ್ಕ ನಾಯಿಗೆ ಒಪ್ಪಿಗೆ, ದೊಡ್ಡದಕ್ಕೆ ಇಲ್ಲ ಎಂದು ಭೇದ ಮಾಡುವಂತಿಲ್ಲವೆಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ತಿಳಿಸಿದೆ. ಹಾಗಿದ್ದರೂ ಬಾಡಿಗೆಮನೆಯ ಯಜಮಾನರ ಮಾತೇ ಅನೇಕ ಕಡೆ ಕೊನೆಯದಾಗುವುದರಿಂದ, ದೊಡ್ಡ ಮರಿಯನ್ನು ಕೇಳಿ ಬಂದವರಿಂದ ಮನೆಯ ಯಜಮಾನರ ಒಪ್ಪಿಗೆಪತ್ರವನ್ನು ಮೊದಲು ಪಡೆದು, ಮನೆಯನ್ನು ನೋಡಿಬಂದು, ಸಾಕಲಾಗದಿದ್ದರೆ ಬೇರೆ ಯಾರಿಗೂ ಕೊಡದೆ ತಮಗೇ ಹಿಂದಿರುಗಿಸಬೇಕೆಂಬ ಷರತ್ತಿಗೆ ಸಹಿ ಹಾಕಿಸಿಕೊಂಡ ನಂತರವೇ ಮರಿಯನ್ನು ಒಪ್ಪಿಸುವ ಕ್ರಮವನ್ನು ಜವಾಬ್ದಾರಿಯುತ ಆಶ್ರಯಧಾಮಗಳು ಅನುಸರಿಸುತ್ತವೆ.